‘ಆತು’ ಅಂದ್ರ ಯಾವ ಆತು?

ಗದಗಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಮೊದಲು ಸೋತದ್ದು ಒಂದು ಮಾತಿಗೆ. ಎರಡೇ ಅಕ್ಷರದ ಮಾತು, ‘ಆತು’.

ನನ್ನ ತಂದೆಯವರದು ರೈಲ್ವೆ ನೌಕರಿ. ವರ್ಗವಾದ ಊರಿಗೆಲ್ಲ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಿದ್ದ ನನಗೆ ಊರು ಬದಲಾದರೂ ಶಾಲೆ ಬದಲಾದಂತೆ ಅನಿಸುತ್ತಿರಲಿಲ್ಲ. ಎಲ್ಲ ಕಡೆಯೂ ಕಾನ್ವೆಂಟು. ಎಲ್ಲ ಕಡೆಯೂ ಫಿನಾಯಿಲ್ ಹಾಕಿ ಒರೆಸಿದ ಅದೇ ವರಾಂಡ, ಸೊಂಟಕ್ಕೆ ಕೀಲಿಗೊಂಚಲು ಕಟ್ಟಿಕೊಂಡ ಅವೇ ಸಿಸ್ಟರುಗಳು. ಕೆಲಸ ಹೇಳಿದಾಗ ‘ಯೆಸ್ ಸಿಸ್ಟರ್’ ಅನ್ನಬೇಕು. ಮುಗಿಸಿದ ಮೇಲೆ ಅವರ ಮೇಜಿನ ಮುಂದೆ ಬಂದು ನಿಂತು ‘ಡನ್ ಸಿಸ್ಟರ್’ ಅನ್ನಬೇಕು. ಮುಗಿಸದೆಯೇ ‘ಡನ್’ ಅಂದವಳು ಆಟದ ಹೊತ್ತಿನಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಒಪ್ಪಿಕೊಂಡದ್ದು ಬೇರೆ, ಮುಗಿಸಿದ್ದು ಬೇರೆ ಎಂಬುದು ಹೀಗೆ ನನ್ನ ಕಿವಿಗೇ ಅಂಟಿಕೊಂಡಿತ್ತು.

ಗದಗಿನಲ್ಲಿ ಎರಡಕ್ಕೂ ‘ಆತು’. ಮದುವೆಯಾಗಿ ಇನ್ನೂ ತಿಂಗಳಾಗಿರಲಿಲ್ಲ, ಮುಂಡರಗಿಯಿಂದ ನಮ್ಮವರ ಸೋದರಮಾವ ಊಟಕ್ಕೆ ಬರುವವರಿದ್ದರು. ಜೋಳ ಗಿರಣಿಗೆ ಕಳಿಸಿಯಾಗಿತ್ತು. ಸಂತೆಯಿಂದ ಬರುವಾಗ ನಾನು ಗಿರಣಿಯವನನ್ನು ಬಾಗಿಲಲ್ಲೇ ನಿಂತು ಕೇಳಿದೆ, ನಮ್ಮ ಹಿಟ್ಟು ಅಂತ. ಹುಬ್ಬಿನ ತುಂಬ ಹಿಟ್ಟು ಮೆತ್ತಿಕೊಂಡಿದ್ದ ಆತ ತಲೆಯಾಡಿಸಿ, “ಆತ್ರಿ ವೈನಿ” ಅಂದ. ನಾನು ಮನೆಗೆ ಬಂದು ಅತ್ತೆಯವರಿಗೆ ಹಿಟ್ಟು ಆಯಿತಂತೆ ಅಂದೆ. ಒಲೆ ಹೊತ್ತಿಸಿ, ಹಂಚು ಇಟ್ಟು, ಹಿಟ್ಟು ತರಿಸಲು ಹೋದರೆ ನಮ್ಮ ಜೋಳದ ಬುಟ್ಟಿ ಸರದಿಯ ಕೊನೆಯಲ್ಲಿ ಹಾಗೇ ಕೂತಿತ್ತು.

ಅತ್ತೆಯವರಿಗೆ ಸಿಟ್ಟು ಬರಲಿಲ್ಲ. ನಕ್ಕರು.

“ಅಂವ ಆತು ಅಂದ. ಆಗೇತಿ ಅಂದನೇನು?”

“ಎರಡೂ ಒಂದೇ ಅಲ್ಲವಾ ಅತ್ತೆ?”

“ಹ್ಯಾಂಗ ಒಂದಾತು? ಆತು ಅಂದ್ರ ನಿನ್ನ ಮಾತು ನನ್ನ ಕಿವ್ಯಾಗ ಬಿತ್ತು ಅಂತ. ಆಗೇತಿ ಅಂದ್ರ ಹಿಟ್ಟು ಡಬ್ಬ್ಯಾಗ ಬಿತ್ತು ಅಂತ. ಕಿವಿಗೂ ಡಬ್ಬಿಗೂ ಫರಕ್ ಐತೆವಾ.”

ಅಂದು ಮುಂಡರಗಿಯ ಮಾವ ಅನ್ನ ಉಂಡರು. ಕೈ ತೊಳೆಯುತ್ತ, “ಕಾನ್ವೆಂಟ್ ಸೊಸಿ ಬಂದ್ಲು, ರೊಟ್ಟಿ ರಜಾ ಹಾಕಿತು” ಅಂದರು. ಆಮೇಲೆ ಎಷ್ಟೋ ವರ್ಷ, ನಮ್ಮ ಮನೆಗೆ ಬಂದಾಗಲೆಲ್ಲ ಹೊಸ್ತಿಲು ದಾಟುವ ಮೊದಲೇ, “ಹಿಟ್ಟು ಆಗೇತೋ, ಬರೇ ಆತೋ?” ಎಂದು ಕೂಗುತ್ತಿದ್ದರು.

ಅತ್ತೆಯವರಿಗೆ ಈ ಊರಿನ ‘ಆತು’ಗಳನ್ನು ನಿಭಾಯಿಸುವ ತಮ್ಮದೇ ಒಂದು ದಾರಿ ಇತ್ತು. ಯಾರಾದರೂ ‘ಆತು’ ಅಂದ ಕೂಡಲೇ ಇಳಕಲ್ ಸೀರೆಯ ಸೆರಗಿನ ತುದಿಗೆ ಒಂದು ಗಂಟು ಹಾಕುತ್ತಿದ್ದರು. ಮರೆಯದಿರಲೆಂದು ಸೆರಗಿಗೆ ಗಂಟು ಹಾಕುವುದು ಎಲ್ಲ ಹೆಂಗಸರಿಗೂ ಗೊತ್ತಿರುವುದೇ. ಆದರೆ ಇವರು ಬಿಚ್ಚುವುದರಲ್ಲಿ ಬಲು ಗಟ್ಟಿ. ದರ್ಜಿ ಬಂದು ರವಿಕೆ ಹೊಲಿದಾಯಿತು ಅಂದರೂ ಬಿಚ್ಚರು. ರವಿಕೆ ಕೈಗೆ ಬಂದು, ಗುಂಡಿ ಎಳೆದು ನೋಡಿದ ಮೇಲೆಯೇ ಆ ಗಂಟು ಬಿಚ್ಚುತ್ತಿತ್ತು. “ಗಂಟು ಬಿಚ್ಚೂದು ನನ್ನ ಕಣ್ಣು, ಅವರ ಬಾಯಿ ಅಲ್ಲ” ಅನ್ನುತ್ತಿದ್ದರು. ಕೆಲವು ಸಂಜೆ ಅವರ ಸೆರಗಿನ ತುದಿ ಹುಣಸೆಹಣ್ಣಿನ ಉಂಡೆಯಂತೆ ಕಾಣುತ್ತಿತ್ತು.

ಈ ಗಂಟಿನ ಮಾತು ಮುಂದೆ ಒಂದು ಯಂತ್ರಕ್ಕೂ ಬೇಕಾದೀತೆಂದು ಆಗ ಯಾರಿಗೆ ಗೊತ್ತಿತ್ತು!

ನಮ್ಮವರು ಕಣ್ಣಿನ ಡಾಕ್ಟರು. ಕೆಳಗೆ ದವಾಖಾನೆ, ಮೇಲೆ ಮನೆ. ಸುಗ್ಗಿ ಮುಗಿದ ಮೇಲೆ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಶಾಲೆಗಳಲ್ಲಿ ಮೋತಿಬಿಂದುವಿನ, ಅಂದರೆ ಕಣ್ಣಿನ ಪೊರೆಯ, ಶಿಬಿರ ನಡೆಸುತ್ತಿದ್ದರು. ಆಗ ಕಣ್ಣೊಳಗೆ ಮಸೂರ ಇಡುವ ಪದ್ಧತಿ ನಮ್ಮ ಕಡೆಗೆ ಬಂದಿರಲಿಲ್ಲ. ಪೊರೆ ತೆಗೆದು, ಗಾಯ ಮಾಗಲು ಕೆಲವು ವಾರ ಬಿಟ್ಟು, ಮತ್ತೆ ಕರೆಸಿ ಕಣ್ಣು ಅಳೆದು, ದಪ್ಪ ಗಾಜಿನ ಕನ್ನಡಕ ಮಾಡಿಸಬೇಕು. ಕನ್ನಡಕವಿಲ್ಲದೆ ಆಪರೇಶನ್ ಅರ್ಧ. ಬೆಳಕು ಬರುತ್ತದೆ, ರೂಪ ಬರುವುದಿಲ್ಲ. ಒಬ್ಬೊಬ್ಬರ ನಂಬರು ಒಂದೊಂದು. ಒಬ್ಬರದು ಇನ್ನೊಬ್ಬರಿಗೆ ಹಾಕಿದರೆ ತಲೆ ಸುತ್ತುತ್ತದೆ, ಅಷ್ಟೆ.

ಶಿಬಿರಗಳಿಗೆ ನೆರವಾಗುತ್ತಿದ್ದವರು ಎಂಬತ್ತರ ದಶಕದ ಕೊನೆಯಲ್ಲಿ ನಮಗೊಂದು ಕಂಪ್ಯೂಟರ್ ಕೊಡಿಸಿದರು. ಅದನ್ನು ದವಾಖಾನೆಯ ಒಳಕೋಣೆಯಲ್ಲಿ, ನನ್ನ ಹೊಲಿಗೆ ಮಷೀನಿನ ಪಕ್ಕಕ್ಕೆ ಇಟ್ಟೆವು. ಕಿಟಕಿಯ ಪರದೆಯಲ್ಲಿ ಉಳಿದಿದ್ದ ಬಟ್ಟೆಯಿಂದ ನಾನೇ ಅದಕ್ಕೆ ಗವಸು ಹೊಲಿದೆ. ಅತ್ತೆಯವರು ಮೂಲೆಗೊಂದು ಕುಂಕುಮದ ಬೊಟ್ಟು ಇಟ್ಟರು. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದ ಒಬ್ಬ ಮಾಸ್ತರರು ಬಂದು ನಮಗೆ ಬೇಕಾದ ಪ್ರೋಗ್ರಾಮು ಬರೆದುಕೊಟ್ಟರು. ಕಾನ್ವೆಂಟಿನಲ್ಲಿ ಟೈಪಿಂಗ್ ಕಲಿತವಳು ಮನೆಯಲ್ಲಿ ನಾನೊಬ್ಬಳೇ. ಹೀಗೆ ಆ ಕೆಲಸ ನನ್ನದಾಯಿತು, ಮತ್ತು ನನಗೆ ಇಷ್ಟವೂ ಆಯಿತು.

ಕೆಲಸ ಸರಳ. ಶಿಬಿರದಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಚೀಟಿಯಲ್ಲಿರುವ ಆ ಸಂಖ್ಯೆ, ಹೆಸರು, ಊರು, ಕನ್ನಡಕದ ನಂಬರು ಇಷ್ಟನ್ನು ಟೈಪು ಮಾಡಿ ಗುಂಡಿ ಒತ್ತಿದರೆ ತೆರೆಯ ಕೆಳಗಿನ ಮೂಲೆಯಲ್ಲಿ ‘ಓಕೆ’ ಎಂದು ಬರುತ್ತಿತ್ತು. ಆಮೇಲೆ ಹುಬ್ಬಳ್ಳಿಯ ಗಾಜಿನವರಿಗೆ ಆರ್ಡರು ಮಾಡುವಾಗ ಶಿಬಿರದ ಸಂಖ್ಯೆ ಕೊಟ್ಟರೆ ಸಾಕು, ಕನ್ನಡಕದ ನಂಬರು ಅಚ್ಚಾಗಿ ಹೊರಗೆ ಬರುತ್ತಿತ್ತು. ಓಕೆ ಬಂದ ಚೀಟಿಗಳನ್ನು ಬಚ್ಚಲ ಹಂಡೆಯ ಒಲೆಯ ಪಕ್ಕದ ಬುಟ್ಟಿಗೆ ಹಾಕುವುದು ನಮ್ಮವರು ಮಾಡಿದ ನಿಯಮ. “ಒಂದ ಮಾತು ಎರಡು ಕಡೆ ಇದ್ರ ಜಗಳ” ಅನ್ನುತ್ತಿದ್ದರು. ಬೆಳಿಗ್ಗೆ ಅತ್ತೆಯವರು ಆ ಚೀಟಿಗಳಿಂದ ಒಲೆ ಹೊತ್ತಿಸುತ್ತಿದ್ದರು.

ಲಕ್ಷ್ಮೇಶ್ವರದ ಕೌದಿ ಅಮ್ಮನನ್ನು ನಾನು ಕಂಡದ್ದು ಕಣ್ಣು ಅಳೆಯುವ ದಿನ. ಶಾಲೆಯ ಕಡಪಾ ಕಲ್ಲಿನ ಜಗಲಿಯ ಮೇಲೆ ಚೀಟಿ ಬರೆಯುತ್ತ ಕೂತಿದ್ದೆ. ಆಪರೇಶನ್ ಆದ ಕಣ್ಣಿನ ಹಸಿರು ಪಟ್ಟಿಯನ್ನು ಹಣೆಗೆ ಏರಿಸಿಕೊಂಡು ಮುದುಕಿಯೊಬ್ಬಳು ನನ್ನ ಸೀರೆಯ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿ ನೋಡಿದಳು. ಹಳೆಯ ಸೀರೆ ಧೋತರಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ಅವಳ ಕಸುಬು. ಮಗ ಗಾದಿ ತುಂಬುವವನು. ತಾಯಿಯ ಹಿಂದೆಯೇ ನಿಂತಿದ್ದ, ಕೂದಲಲ್ಲಿ ಹತ್ತಿಯ ಎಳೆಗಳಿದ್ದವು.

“ಇದು ಹಳೀದಾದ ಮ್ಯಾಲೆ ನನಗ ಕೊಡು ಬೇಟಿ. ಮೆತ್ತಗ ಐತಿ.”

“ಮೊದಲ ನಂಬರ್ ತಗೋ ಅವ್ವಾ, ಆಮ್ಯಾಲೆ ಸೀರಿ ತಗೋವಂತಿ” ಅಂದ ಮಗ.

“ಲೇ, ಸುಮ್ನಿರು. ನಂಬರ್ ಯಾಕ ತಗೊಳಾಕತ್ತೇನಿ? ಹೊಲ್ಯಾಕ.” ಮತ್ತೆ ನನ್ನ ಕಡೆ ತಿರುಗಿದಳು. “ನನ್ನ ಮಗಳು ಎಂಟರಾಗ ಅದಾಳವಾ. ಚೊಚ್ಚಲ. ನಮ್ಮ ಮನ್ಯಾಗ ಚೊಚ್ಚಲ ಕೂಸಿನ ಕೌದಿ ಅಜ್ಜೀನ ಹೊಲೀಬೇಕು. ಮಂದಿ ಕೈಲೆ ಹೊಲಿಸಿದ್ದು ಹಾಸೂದಿಲ್ಲ. ನನಗ ದೂರದ್ದು ಏನ್ ನೋಡೂದೈತಿ? ಸೂಜಿಗಣ್ಣು ಕಂಡ್ರ ಸಾಕು.”

ನಮ್ಮವರು ಅವಳ ಕಣ್ಣ ಮುಂದೆ ಗಾಜು ಬದಲಾಯಿಸುತ್ತ ಹೋದರು. ಒಂದು ಗಾಜಿಗೆ ಅವಳು ಬಾಯಿ ತೆರೆದು, “ಅಯ್ಯ, ನೀವು ಇಷ್ಟು ಸಣ್ಣ ವಯಸ್ಸಿನವ್ರಾ!” ಅಂದಳು. ಎಲ್ಲರೂ ನಕ್ಕರು. ಅವಳ ಹಿಂದೆಯೇ ಅಡರಕಟ್ಟಿಯ ಶೇಂಗಾ ಬೆಳೆಯುವ ಅಜ್ಜನೊಬ್ಬ. ಅವನ ಕಣ್ಣಿಗೆ ಯಾವ ಗಾಜೂ ಸಾಲದೆ ಕೊನೆಗೆ ಹದಿಮೂರಕ್ಕೆ ಹೋಗಿ ನಿಂತಿತು. “ಇಡೀ ಶಿಬಿರಕ್ಕ ಹದಿಮೂರು ಒಂದ ನೋಡು, ಸೋಡಾ ಬಾಟ್ಲಿ ತಳ ಆಗತೈತಿ” ಎಂದು ನಮ್ಮವರು ನನಗೆ ಹೇಳಿದರು.

ಮರುದಿನ ಸಂಜೆ ನಾನು ಟೈಪು ಮಾಡಲು ಕೂತೆ. ಮೊದಲು ಸಿಕ್ಕಿದ್ದು ಕೌದಿ ಅಮ್ಮನ ಚೀಟಿ. ಟೈಪು ಮಾಡಿದೆ, ಓಕೆ ಬಂತು, ಚೀಟಿ ಬುಟ್ಟಿಗೆ ಹಾಕಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಗದಗಿನಲ್ಲಿ ಸಂಜೆ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಕೆಳಗಿನ ಬೀದಿಯಲ್ಲಿ ಯಾರೋ “ಹೋತೋ” ಎಂದು ಕೂಗಿದರು, ಇನ್ನಾರೋ ಸೈಕಲ್ ಗಂಟೆ ಬಾರಿಸಿದರು. ಯಂತ್ರದ ಒಳಗಿನ ಗುಂಯ್‌ಗುಡುವಿಕೆ ತಾನಪುರ ನಿಲ್ಲಿಸಿದ ಹಾಗೆ ನಿಂತಿತು. ಕಂದೀಲು ಹಚ್ಚಿ ಇನ್ನೊಂದು ಕೆಲಸ ಮಾಡಿಕೊಂಡು, ಬೆಳಕು ಬಂದ ಮೇಲೆ ಮುಂದಿನ ಚೀಟಿ ಎತ್ತಿಕೊಂಡೆ. ಅದು ಅಡರಕಟ್ಟಿಯ ಅಜ್ಜನದು.

ಕನ್ನಡಕಗಳು ಹುಬ್ಬಳ್ಳಿಯಿಂದ ಬಂದವು, ಊರೂರಿಗೆ ಹೋದವು. ಸ್ವಲ್ಪ ದಿನದಲ್ಲಿ ಗಾದಿ ತುಂಬುವ ಮಗ ಒಬ್ಬನೇ ನಮ್ಮ ದವಾಖಾನೆಗೆ ಬಂದ. ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ. ಮೇಜಿನ ಮೇಲೆ ಇಟ್ಟು, ಕೂರದೆ ನಿಂತೇ ಮಾತಾಡಿದ.

“ಅವ್ವನ ಕಣ್ಣು ಹೋಗ್ಯಾವ್ರಿ ಡಾಕ್ಟರ್ ಸಾಹೇಬ್ರ. ಇದನ್ನ ಹಾಕ್ಕೊಂಡ್ರ ಎಲ್ಲಾ ನೀರಾಗ ಮುಳುಗಿದಂಗ ಕಾಣತೈತಂತ. ವಾಂತಿ ಬರತೈತಂತ. ಗ್ವಾಡಿ ಕಡೆ ಮಾರಿ ಮಾಡಿ ಮಕ್ಕೊಂಡಾಳ. ಕೌದಿ ಬಟ್ಟಿ ಎಲ್ಲಾ ಗಂಟು ಕಟ್ಟಿ ಮ್ಯಾಲೆ ಒಗದಾಳ.”

“ಕರ್ಕೊಂಡ ಬರಬೇಕಿತ್ತಲ್ಲಪಾ.”

“ಬರೂದಿಲ್ಲಂತಾಳ್ರಿ. ನಾವು ಮಿರಜದ ದೊಡ್ಡ ದವಾಖಾನಿಗೆ ಒಯ್ಯಬೇಕಂತ ಮಾಡೇವಿ. ತಂಗಿಗೆ ದಿನಾ ತುಂಬಾಕ ಬಂದಾವು, ಮನ್ಯಾಗ ಬ್ಯಾರೆ ಯಾರೂ ಇಲ್ಲ. ನೀವು ಖರೆ ಒಂದ ಮಾತು ಹೇಳ್ರಿ. ಆಪರೇಶನ್ ಕೆಟ್ಟೈತೋ ಏನು?”

ನಮ್ಮವರು ಕನ್ನಡಕದ ಗಾಜು ಅಳೆದರು. ಹದಿಮೂರು. ನನ್ನನ್ನು ಕರೆದು ಕಂಪ್ಯೂಟರ್ ನೋಡು ಅಂದರು. ಕೌದಿ ಅಮ್ಮನ ಶಿಬಿರದ ಸಂಖ್ಯೆ ಕೊಟ್ಟೆ. ಹದಿಮೂರು. ಮಗನನ್ನು ಹೊರಗೆ ಚಹಾ ಕುಡಿಯಲು ಕಳಿಸಿ ಅವರು ಕುರ್ಚಿಯಲ್ಲಿ ಕೂತರು. ಅವರ ಮುಖ ಇಷ್ಟು ಸಣ್ಣದಾದದ್ದನ್ನು ನಾನು ಕಂಡಿರಲಿಲ್ಲ.

“ನಾನು ಅಳದಿದ್ದು ಹದಿಮೂರು, ಗಾಜು ಬಂದಿದ್ದು ಹದಿಮೂರು. ಅಂದಮ್ಯಾಲೆ ಗಾಜು ಬರೋಬ್ಬರಿ ಐತಿ. ಗಾಜು ಬರೋಬ್ಬರಿ ಇದ್ದೂ ಕಾಣೂದಿಲ್ಲ ಅಂದ್ರ ಕಣ್ಣಿನ ಹಿಂದಿನ ಪರದಿ ಬಿಟ್ಟಿರಬೇಕು. ಮಿರಜಕ್ಕ ಹೋಗೂದ ಛಲೋ.”

ಅವರ ತರ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಅದು ನಿಂತಿದ್ದ ನೆಲ ಮಾತ್ರ ಅಲುಗುತ್ತಿದೆ ಅನ್ನಿಸಿತು ನನಗೆ.

“ಇಡೀ ಶಿಬಿರಕ್ಕೆ ಹದಿಮೂರು ಒಂದೇ ಅಂದಿರಿ” ಅಂದೆ.

“ಅಂದಿದ್ನೇನು?”

“ಅಂದಿರಿ. ಅಡರಕಟ್ಟಿಯ ಅಜ್ಜನಿಗೆ. ಸೋಡಾ ಬಾಟ್ಲಿ ಅಂದಿರಿ. ಈಗ ಎರಡು ಹದಿಮೂರು ಹೇಗೆ ಬಂದವು?”

ಅವರು ನನ್ನನ್ನು ನೋಡಿದರು. “ನೀನ ತಪ್ಪು ಟೈಪ್ ಮಾಡಿರಬೇಕು.”

“ಮಾಡಿಲ್ಲ” ಅಂದೆ. ನನಗೆ ಗೊತ್ತಿತ್ತು. ಅವಳ ಚೀಟಿ ಟೈಪು ಮಾಡುವಾಗ ಅಜ್ಜನ ಚೀಟಿ ನನ್ನ ಕೈಗೇ ಬಂದಿರಲಿಲ್ಲ. ಇಲ್ಲದ ಅಂಕಿಯನ್ನು ಕೈ ಹೇಗೆ ಒತ್ತೀತು? “ಇವತ್ತೊಂದು ಮಧ್ಯಾಹ್ನ ನನಗೆ ಕೊಡಿ. ಆಮೇಲೆ ಮಿರಜಿನ ಮಾತು.” ಮಗನಿಗೂ ನಾನೇ ಹೇಳಿದೆ, ನಾಳೆ ನಾವೇ ನಿಮ್ಮ ಮನೆಗೆ ಬರುತ್ತೇವೆ, ಅಲ್ಲಿಯವರೆಗೆ ಎಲ್ಲಿಗೂ ಹೊರಡಬೇಡಿ ಎಂದು.

ದವಾಖಾನೆ ಮುಚ್ಚಿದ ಮಧ್ಯಾಹ್ನದ ಹೊತ್ತು. ಅತ್ತೆಯವರು ಮೊರದಲ್ಲಿ ಅಕ್ಕಿ ಹಾಕಿಕೊಂಡು ಬಂದು ನನ್ನ ಪಕ್ಕ ಕೂತರು. ನಾನು ಯಾರೂ ಅಲ್ಲದ ಒಬ್ಬರ ಸಂಖ್ಯೆ, ಯಾರೂ ಅಲ್ಲದ ಒಬ್ಬರ ನಂಬರು ಟೈಪು ಮಾಡಿದೆ.

“ಏನಂತೈತಿ ಅದು?” ಅಂದರು ಅತ್ತೆಯವರು.

“ಓಕೆ ಅಂತ. ಅಂದರೆ ಆಯಿತು ಅಂತ.”

ಅವರು ಒಂದು ಕಲ್ಲು ಆರಿಸಿ ಪಕ್ಕಕ್ಕೆ ಇಟ್ಟರು. “ಆತು ಅಂದ್ರ ಯಾವ ಆತು? ಕಿವೀದೋ, ಡಬ್ಬೀದೋ?”

ನಗು ಬಂತು. ಆದರೆ ನಗುತ್ತಿರುವಾಗಲೇ ಆ ಸಂಜೆ ಕರೆಂಟು ಹೋದದ್ದು ನೆನಪಾಗಿ ನನ್ನ ಕೈ ಗೋಡೆಯ ಸ್ವಿಚ್ಚಿಗೆ ಹೋಯಿತು. ಆರಿಸಿದೆ. ಸ್ವಲ್ಪ ತಡೆದು ಮತ್ತೆ ಹಾಕಿದೆ. ಯಂತ್ರ ಕೆಮ್ಮಿ, ಕಣ್ಣು ಬಿಟ್ಟು, ತನ್ನ ಪಾಠವನ್ನೆಲ್ಲ ಒಪ್ಪಿಸಿ ಎದ್ದು ಕೂತಿತು. ಆ ಸಂಖ್ಯೆ ಕೇಳಿದೆ. ಅಂಥವರು ಯಾರೂ ಇಲ್ಲ ಅಂದಿತು. ಓಕೆ ಅಂದದ್ದು, ಇಲ್ಲ ಅಂದಿತು!

ಮತ್ತೆ ಮಾಡಿದೆ. ಒಂದು ಸಲ ಇರುತ್ತಿತ್ತು, ಒಂದು ಸಲ ಇರುತ್ತಿರಲಿಲ್ಲ. ಹೀಗೆ ಆರಿಸಿ ಹಚ್ಚಿ ಮಾಡುತ್ತಿದ್ದಾಗ ಒಮ್ಮೆ ಬೇರೆಯೇ ಒಂದು ಸಂಗತಿ ನಡೆಯಿತು. ಯಂತ್ರ ‘ಇಲ್ಲ’ ಅನ್ನಲಿಲ್ಲ, ‘ಇದೆ’ ಅಂದಿತು. ಆದರೆ ತೋರಿಸಲು ಹೋದರೆ ಖಾಲಿ. ನಾನು ಹಾಗೇ ಮುಂದಿನ ಕಾಲ್ಪನಿಕ ಮನುಷ್ಯನನ್ನು ಟೈಪು ಮಾಡಿದೆ. ಅವನಿಗೆ ಬೇಕೆಂದೇ ಯಾರಿಗೂ ಇಲ್ಲದ ಇಪ್ಪತ್ತು ಎಂಬ ನಂಬರು ಕೊಟ್ಟೆ. ಆಮೇಲೆ ಹಿಂದಿನವನ ಸಂಖ್ಯೆ ಕೇಳಿದೆ.

ಇಪ್ಪತ್ತು ಅಂದಿತು.

ಅಡಿಗೆಮನೆಯ ಭಾಷೆಯಲ್ಲಿ ಹೇಳುವುದಾದರೆ ಸಂಗತಿ ಇಷ್ಟೆ. ಯಂತ್ರ ಎರಡು ಕೆಲಸ ಮಾಡುತ್ತಿತ್ತು. ಡಬ್ಬಿಯ ಮೇಲೆ ಹೆಸರಿನ ಚೀಟಿ ಅಂಟಿಸುವುದು ಒಂದು, ಒಳಗೆ ಬೇಳೆ ಸುರಿಯುವುದು ಇನ್ನೊಂದು. ಕರೆಂಟು ಹೋದಾಗ ಚೀಟಿ ಅಂಟಿಸಿಯಾಗಿತ್ತು, ಬೇಳೆ ಇನ್ನೂ ಕೈಯಲ್ಲೇ ಇತ್ತು, ಚೆಲ್ಲಿಹೋಯಿತು. ಬೆಳಕು ಬಂದ ಮೇಲೆ ಯಂತ್ರ ನೋಡಿದರೆ ಒಂದು ಖಾಲಿ ಡಬ್ಬಿ. ಮುಂದೆ ಬಂದ ಖಾರದಪುಡಿಯನ್ನು ಅದರಲ್ಲೇ ಹಾಕಿತು. ನಾನು ಬೇಳೆ ಎಂದು ಕೇಳಿದೆ, ಅದು ಚೀಟಿ ಓದಿ ಪ್ರಾಮಾಣಿಕವಾಗಿಯೇ ಖಾರದಪುಡಿ ಕೊಟ್ಟಿತು. ಕಳೆದುಹೋದರೆ ಗೊತ್ತಾಗುತ್ತದೆ. ಬೇರೊಬ್ಬರದು ನಮ್ಮದೆಂದು ಬಂದರೆ ಗೊತ್ತಾಗುವುದೇ ಇಲ್ಲ.

ನಮ್ಮವರನ್ನು ಕರೆದು ಅವರ ಮುಂದೆಯೇ ಇನ್ನೊಮ್ಮೆ ಮಾಡಿ ತೋರಿಸಿದೆ. ತಕ್ಷಣ ಬರಲಿಲ್ಲ, ಕೆಲವು ಸಲ ಸ್ವಿಚ್ಚು ಆರಿಸಿ ಹಚ್ಚಬೇಕಾಯಿತು. ಬಂದಾಗ ಅವರು ಎದ್ದು ನಿಂತರು. “ಹಂಗಾದ್ರ ಆಕಿ ಕಣ್ಣು?”

“ಆಕೆಯ ಕಣ್ಣು ನೀವು ಬಿಟ್ಟಲ್ಲೇ ಇದೆ. ನೀವು ಅಳೆದದ್ದು ಹದಿಮೂರು ಅಲ್ಲ.”

ಮರುದಿನ ಬೆಳಿಗ್ಗೆ ಗಾಜಿನ ಪೆಟ್ಟಿಗೆ ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಶಿರಹಟ್ಟಿ ದಾಟಿ ಲಕ್ಷ್ಮೇಶ್ವರಕ್ಕೆ ಹೋದೆವು. ಅವಳು ನಿಜವಾಗಿಯೂ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತುಂಬು ಬಸುರಿ ಮಗಳು ಬಾಗಿಲ ಹತ್ತಿರ ಕಾಲು ಚಾಚಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ಏಳವಾ, ಡಾಕ್ಟರ್ ಸಾಹೇಬ್ರು ಬಂದಾರ.”

“ಬಂದ್ರ ಬರ್ಲಿ. ನನ್ನ ಕಣ್ಣು ಬರತಾವೇನು?”

ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದೆ. ತಪ್ಪು ನಿಮ್ಮ ಕಣ್ಣಿನದಲ್ಲ, ಬೇರೆಯವರ ನಂಬರು ನಿಮಗೆ ಬಂದಿತ್ತು, ಅಷ್ಟೆ ಎಂದೆ. ಅವಳು ನಿಧಾನಕ್ಕೆ ಎದ್ದು ಕೂತಳು.

“ಯಾರದು?”

“ಅಡರಕಟ್ಟಿಯ ಅಜ್ಜಂದು.”

“ಆ ಶೇಂಗಾ ಮುದಕಂದಾ!” ಅವಳ ಧ್ವನಿ ಏರಿತು. “ಅದಕ್ಕ ನನಗ ಎಲ್ಲಾ ಗುಂಡಗ ಕಾಣಾಕತ್ತಿದ್ವು.” ಬಾಗಿಲಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಮ್ಮವರು ಮೂಗಿನ ಮೇಲೆ ಖಾಲಿ ಚೌಕಟ್ಟು ಕೂರಿಸಿ ಗಾಜು ಹಾಕುತ್ತ ಬಂದರು. ಒಂಬತ್ತೂವರೆ ನಂಬರಿನ ಹತ್ತಿರ ಅವಳ ಕುತ್ತಿಗೆ ಮುಂದಕ್ಕೆ ಬಂತು. ಕೆಳಗೆ ಓದುವ ಗಾಜನ್ನೂ ಸೇರಿಸಿದಾಗ ಅವಳು ನಮ್ಮನ್ನು ನೋಡಲಿಲ್ಲ. ತನ್ನ ಅಂಗೈ ನೋಡಿಕೊಂಡಳು, ಉಗುರು ನೋಡಿಕೊಂಡಳು, ಆಮೇಲೆ ಮಗಳ ಕಡೆ ತಿರುಗಿ, “ಬೆಳ್ಳುಳ್ಳಿ ಸಿಪ್ಪಿ ಪೂರಾ ತೆಗಿಯವಾ, ಅರ್ಧ ಅಲ್ಲೇ ಐತಿ” ಅಂದಳು. ನಮ್ಮವರ ಮುಖ ಮತ್ತೆ ಮೊದಲಿನಷ್ಟಾಯಿತು.

ಆ ಸಲದ ನಂಬರನ್ನು ಅವರು ಕಾಗದದ ಮೇಲೆ ಬರೆದು ಜೇಬಿಗೆ ಹಾಕಿಕೊಂಡು ಮರುದಿನ ತಾವೇ ಹುಬ್ಬಳ್ಳಿಗೆ ಹೋಗಿ ಕೊಟ್ಟು ಬಂದರು. ಗಾಜಿನವರು ಜಲ್ದಿ ಮಾಡಿಕೊಡುತ್ತೇವೆ, ‘ಆತು’ ಅಂದರಂತೆ. ಮನೆಗೆ ಬಂದು ಅದನ್ನು ಹೇಳಿದ್ದೇ ತಡ, ಅತ್ತೆಯವರು ಸೆರಗಿಗೆ ಒಂದು ಗಂಟು ಹಾಕಿದರು.

ಹುಬ್ಬಳ್ಳಿಯಿಂದ ಬರುವಾಗ ನಮ್ಮವರು ಪ್ರೋಗ್ರಾಮು ಬರೆದ ಮಾಸ್ತರರನ್ನೂ ಜೊತೆಗೆ ಕರೆತಂದಿದ್ದರು. ಮಾಸ್ತರರು ಮೊದಲು ಒಪ್ಪಲಿಲ್ಲ.

“ಹಂಗ ಆಗಾಕ ಸಾಧ್ಯನ ಇಲ್ರಿ ಅಮ್ಮಾರ. ನನ್ನ ಪ್ರೋಗ್ರಾಮು ಯಂತ್ರಕ್ಕ ‘ಬರಿ’ ಅಂತ ಹೇಳತೈತಿ. ಯಂತ್ರ ‘ಬರದೆ’ ಅಂತ ಹೇಳಿದ ಮ್ಯಾಲೇನ ಓಕೆ ತೋರಸ್ತೈತಿ.”

“ಬರೆದೆ ಅನ್ನುತ್ತದೋ, ಆತು ಅನ್ನುತ್ತದೋ?” ಎಂದೆ. ಸ್ವಿಚ್ಚಿಗೆ ಕೈ ಹಾಕಿದೆ.

“ಅಮ್ಮಾರ, ಬ್ಯಾಡ್ರಿ, ಯಂತ್ರ ಕೆಡತೈತ್ರಿ!”

“ಕೆಡಲಿ ಬಿಡಿ. ಕೆಡುವುದಿದ್ದರೆ ನಿಮ್ಮ ಮುಂದೆಯೇ ಕೆಡಲಿ.”

ನೋಡಿದ ಮೇಲೆ ಅವರು ಕುರ್ಚಿ ಎಳೆದುಕೊಂಡು ತಾವೇ ಇನ್ನೊಮ್ಮೆ ಸ್ವಿಚ್ಚು ಆರಿಸಿ ಹಚ್ಚಿ ನೋಡಿದರು. ಆಮೇಲೆ ಚಹಾ ಕುಡಿಯುತ್ತ ಬಿಡಿಸಿ ಹೇಳಿದರು. ಡಿಸ್ಕಿನ ಮೇಲೆ ಬರೆಯುವುದು ನಿಧಾನದ ಕೆಲಸ. ಯಂತ್ರದೊಳಗೆ ಕಡತಗಳ ಉಸ್ತುವಾರಿಗೆಂದೇ ಒಂದು ವ್ಯವಸ್ಥೆ ಇರುತ್ತದೆ. ಅದು ಬಂದದ್ದನ್ನು ತಕ್ಷಣ ಡಿಸ್ಕಿಗೆ ಒಯ್ಯುವುದಿಲ್ಲ. ತನ್ನ ನೆನಪಿನಲ್ಲಿ ಇಟ್ಟುಕೊಂಡು ‘ಸಿಕ್ಕಿತು’ ಎಂದು ಹೇಳಿ, ನಾಲ್ಕಾರು ಕೂಡಿದ ಮೇಲೆ ಒಮ್ಮೆಗೇ ಒಯ್ಯುತ್ತದೆ. ಅದರಲ್ಲೂ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅದರ ಅನುಕೂಲ. ಕಡತ ಎಷ್ಟು ಬೆಳೆದಿದೆ ಎಂಬುದನ್ನಂತೂ ಕಡತ ಮುಚ್ಚಿದಾಗಲೇ ಬರೆದುಕೊಳ್ಳುತ್ತದೆ. ಅದರ ನಡುವೆ ಕರೆಂಟು ಹೋದರೆ ನೆನಪಿನಲ್ಲಿದ್ದದ್ದು ಹೋಯಿತು.

ನನಗೆ ಅದರ ಮೇಲೆ ಸಿಟ್ಟೇನೂ ಬರಲಿಲ್ಲ. ರೊಟ್ಟಿ ಬಡಿಯುವವಳು ಒಂದೊಂದು ರೊಟ್ಟಿಗೂ ಎದ್ದು ಬುಟ್ಟಿಗೆ ಇಟ್ಟು ಬರುತ್ತಾಳೆಯೇ? ಮಗ್ಗುಲಲ್ಲಿ ಒಟ್ಟಿಕೊಂಡು ಒಮ್ಮೆ ಒಯ್ಯುತ್ತಾಳೆ. ಜಾಣತನವೇ. ಆದರೆ ಊಟಕ್ಕೆ ಕೂತವನು ಬುಟ್ಟಿಯಲ್ಲಿ ಇದೆ ಎಂದುಕೊಂಡಿದ್ದಾನೆ, ಅಲ್ಲಿ ಇಲ್ಲ. ಗಿರಣಿಯವನೂ ಸುಳ್ಳು ಹೇಳಿರಲಿಲ್ಲ. ಅವನ ‘ಆತು’ ಒಂದು, ನನ್ನ ‘ಆತು’ ಒಂದು.

“ಅದಕ್ಕೆ ಗಂಟು ಹಾಕುವುದನ್ನು ಕಲಿಸಿ” ಎಂದೆ. ಮಾಸ್ತರರು ನನ್ನ ಮುಖ ನೋಡಿದರು. ಅತ್ತೆಯವರನ್ನು ಕರೆದು ಸೆರಗು ತೋರಿಸಿರಿ ಎಂದೆ. ಅವರು ನಾಚಿಕೊಂಡೇ ತೋರಿಸಿದರು.

ಮಾಸ್ತರರು ಆ ಗಂಟನ್ನು ನೋಡಿದ ರೀತಿ ನನಗಿನ್ನೂ ನೆನಪಿದೆ. ತಲೆ ಒಂದು ಕಡೆ ವಾಲಿಸಿ, ತುಟಿ ಮುಂದೆ ಮಾಡಿ, ಗಣಿತದ ಒಂದು ಹೊಸ ಲೆಕ್ಕ ನೋಡಿದ ಹಾಗೆ. ಸಂಜೆಯವರೆಗೆ ಕೂತು ಪ್ರೋಗ್ರಾಮು ತಿದ್ದಿದರು. ಇನ್ನು ಮುಂದೆ ನಾನು ಟೈಪು ಮಾಡಿದ್ದು ಮೊದಲು ಒಂದು ಪುಟ್ಟ ಬೇರೆ ಕಡತಕ್ಕೆ ಹೋಗುತ್ತದೆ, ಆ ಕಡತ ಅಲ್ಲೇ ಮುಚ್ಚುತ್ತದೆ. ಅದೇ ಗಂಟು. ಆಮೇಲೆ ದೊಡ್ಡ ಕಡತಕ್ಕೆ ಬೇಳೆ, ಅದಾದ ಮೇಲೆಯೇ ಡಬ್ಬಿಯ ಚೀಟಿ. ಎರಡನ್ನೂ ಮುಚ್ಚಿ, ಮತ್ತೆ ತೆರೆದು, ಡಿಸ್ಕಿನಲ್ಲಿ ಇದೆಯೇ ಎಂದು ಓದಿ ನೋಡಬೇಕು. ಇದ್ದರೆ ಮಾತ್ರ ಪುಟ್ಟ ಕಡತ ಅಳಿಸಬೇಕು. ಅದು ಗಂಟು ಬಿಚ್ಚುವುದು. ನಡುವೆ ಎಲ್ಲಿ ಕರೆಂಟು ಹೋದರೂ, ಯಂತ್ರ ಎದ್ದ ಕೂಡಲೇ ಮೊದಲು ತನ್ನ ಸೆರಗು ಮುಟ್ಟಿ ನೋಡಿಕೊಳ್ಳಬೇಕು. ಗಂಟು ಇದ್ದರೆ ಆ ಕೆಲಸ ಪೂರೈಸಿಯೇ ಮುಂದಿನದು.

“ಗಂಟು ಹಾಕುವಾಗಲೇ ಹೋದರೆ?” ಎಂದೆ.

“ಆವಾಗ ತೆರಿ ಮ್ಯಾಲೆ ಏನೂ ಬಂದಿರೂದಿಲ್ರಿ. ಚೀಟಿ ನಿಮ್ಮ ಕೈಯಾಗ ಇರತೈತಿ.”

“ಹಾಗಾದರೆ ಓಕೆ ಬೇಡ. ಆಗೇತಿ ಅಂತ ಹಾಕಿ.”

ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ‘ಆಗೇತಿ’ ಎಂದು ಬರುವ ಹಾಗೆ ಮಾಡಿದರು. ನಾನು ಮಧ್ಯೆ ಮಧ್ಯೆ ಸ್ವಿಚ್ಚು ಆರಿಸುತ್ತಲೇ ಹೋದೆ, ಮಾಸ್ತರರು ಒಂದೊಂದು ಸಲವೂ ಕಣ್ಣು ಮುಚ್ಚಿಕೊಂಡರು. ಒಂದು ಸಲವೂ ಒಬ್ಬರ ನಂಬರು ಇನ್ನೊಬ್ಬರಿಗೆ ಹೋಗಲಿಲ್ಲ. ಆದರೆ ಮೊದಲು ಕಣ್ಣು ಮಿಟುಕಿಸುವುದರಲ್ಲಿ ಬರುತ್ತಿದ್ದ ಉತ್ತರಕ್ಕೆ ಈಗ ಕಾಯಬೇಕಾಯಿತು. ಡಿಸ್ಕು ಕರಕರ ಎಂದು ಹಲ್ಲು ಕಡಿಯುತ್ತಿತ್ತು. “ಇಷ್ಟು ಸಾವಕಾಶನ?” ಎಂದು ನಮ್ಮವರು ಗೊಣಗಿದರು.

“ಆತು ಅನ್ನಾಕ ಹೊತ್ತು ಬೇಕಾಗೂದಿಲ್ಲಪಾ” ಅಂದರು ಅತ್ತೆಯವರು. “ಆಗೇತಿ ಅನ್ನಾಕ ಬೇಕಾಗತೈತಿ.”

ಇಷ್ಟಾದರೂ ಚೀಟಿಗಳನ್ನು ಒಲೆಗೆ ಹಾಕುವುದನ್ನು ನಾನು ನಿಲ್ಲಿಸಿದೆ. ಡಿಸ್ಕೇ ಒಡೆದರೆ ಗಂಟೂ ಹೋಗುತ್ತದಲ್ಲ. ಅಂದಿನಿಂದ ಹಂಡೆಯ ಒಲೆಗೆ ಹೊಂಬಳದಿಂದ ಶೇಂಗಾ ಹೊಟ್ಟಿನ ಚೀಲ ಬರತೊಡಗಿತು. ಮುಂದಿನ ಶಿಬಿರಕ್ಕೆ ಮೊದಲು ಹಿಂದಿನವರೆಲ್ಲರ ಕನ್ನಡಕಗಳನ್ನೂ ಒಂದು ಸುತ್ತು ವಿಚಾರಿಸಿದೆವು. ಬೇರೆ ಯಾರದೂ ಅದಲುಬದಲಾಗಿರಲಿಲ್ಲ. ಅಡರಕಟ್ಟಿಯ ಅಜ್ಜ ತನ್ನ ಸೋಡಾ ಬಾಟ್ಲಿಯಲ್ಲಿ ಸುಖವಾಗಿದ್ದ.

ಕೌದಿ ಅಮ್ಮನ ಕನ್ನಡಕ ಬಂದ ದಿನವೇ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಅವಳ ಮಗನ ಕೈಗೆ ಕಳಿಸಿದೆವು. ಅತ್ತೆಯವರಿಗೆ ಹೇಳಿದೆ, ಕನ್ನಡಕ ಹೋಯಿತು, ಇನ್ನು ಗಂಟು ಬಿಚ್ಚಬಹುದಲ್ಲ ಎಂದು.

“ನಾ ಗಂಟು ಹಾಕಿದ್ದು ಕನ್ನಡಕಕ್ಕ ಅಲ್ಲ ಬಿಡವಾ” ಅಂದರು.

ದಿನಗಳು ಕಳೆದವು. ಅವರು ಸೀರೆ ಬದಲಾಯಿಸಿದಾಗಲೆಲ್ಲ ಹೊಸ ಸೀರೆಯ ಸೆರಗಿಗೂ ಆ ಗಂಟು ವರ್ಗವಾಗುತ್ತಿತ್ತು. ನನಗೂ ಒಳಗೊಳಗೆ ಕಾಯುವಂತಾಯಿತು. ಕೌದಿ ಅಂದರೆ ಒಂದು ದಿನದ ಹೊಲಿಗೆಯಲ್ಲ. ಸಾಲಿನ ಪಕ್ಕ ಸಾಲು, ಇರುವೆ ನಡೆದ ಹಾಗೆ ಹೊಲಿಗೆ ಸಾಗಬೇಕು. ಕೂಸು ಕಾಯುವುದಿಲ್ಲ.

ಒಂದು ಬೆಳಿಗ್ಗೆ ಬೆಟಗೇರಿಗೆ ಹತ್ತಿ ಕೊಳ್ಳಲು ಬಂದಿದ್ದ ಕೌದಿ ಅಮ್ಮನ ಮಗ ನಮ್ಮ ಬಾಗಿಲಿಗೆ ಬಂದು ನಿಂತ. ಈ ಸಲವೂ ಕೂರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ಮುಖ ಮಾತ್ರ ಬೇರೆ ಇತ್ತು.

“ತಂಗಿ ಹಡದಾಳ್ರಿ ಅಮ್ಮಾರ. ಹೆಣ್ಣು ಕೂಸು ಆಗೇತ್ರಿ.”

ಅತ್ತೆಯವರು ಒಳಗಿನಿಂದಲೇ ಕೇಳಿದರು. “ಕೌದಿ?”

“ಕೌದೀನೂ ಆಗೇತ್ರಿ. ಮೂಲಿ ಒಂದು ಉಳಿದಿತ್ತು, ನಿನ್ನಿ ಮುಗಸಿದ್ಳು. ಸೂಜ್ಯಾಗ ದಾರ ಪೋಣಸಾಕ ಯಾರನ್ನೂ ಕರದಿಲ್ರಿ. ಈಗ ಅದರ ಮ್ಯಾಲೆ ಮಕ್ಕೊಂಡೈತಿ ಕೂಸು, ನಾ ನೋಡೇ ಬಂದೆ.”

“ನೀನ ಕಣ್ಣಾರೆ ನೋಡಿಯೇನು?”

“ನೋಡೇನ್ರಿ ಅಮ್ಮಾರ. ಉಚ್ಚೀನೂ ಹೊಯ್ದೈತಿ.”

ಅತ್ತೆಯವರು ಹೊಸ್ತಿಲಿಗೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಸೆರಗಿನ ತುದಿ ಎತ್ತಿಕೊಂಡು, ಬಹಳ ದಿನದ ಗಂಟು ಬಿಗಿದಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದರು.